ತೆರೆರೆಯೂ ನನ್ನ ಬಾಯಿಹುಣ್ಣೂ

ಕೊಲ್ಲಿ ದೇಶದ ದಾರ್ಸೈಟ್ ಬಡಾವಣೆಯಲ್ಲಿ ನಮ್ಮ ಫ್ಲಾಟಿನ ಎದುರು ಮನೆಗೆ ಪರಾಗ್ವೆ ದೇಶದ ಹೆಂಗಸೊಬ್ಬಳು ಬಂದಾಗ, ಆ ದೇಶ ಎಲ್ಲಿದೆಯೆಂದು ನಾನು ಫೋನಿನಲ್ಲಿ ಹುಡುಕಿ ನೋಡಬೇಕಾಯಿತು. ಅವಳ ಗಂಡನಿಗೆ ಮರುಭೂಮಿಯ ತೈಲಬಾವಿಯಲ್ಲಿ ಕೆಲಸ. ಎರಡು ವಾರ ಅಲ್ಲಿ, ಎರಡು ವಾರ ಇಲ್ಲಿ. ಅವಳ ಭಾಷೆ ಆಡುವವರು ನಮ್ಮ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಹರಕುಮುರುಕು ಇಂಗ್ಲಿಷು ಮತ್ತು ಅಡುಗೆ.

ಮವಾಲೇಹ್ ಮಾರುಕಟ್ಟೆಯಲ್ಲಿ ಮರಗೆಣಸು ಕಂಡಾಗ ಅವಳು ತವರಿನವರನ್ನೇ ಕಂಡಂತೆ ಹಿಗ್ಗಿದಳು. ನಮ್ಮ ಸಬ್ಬಕ್ಕಿಯೂ ಅದೇ ಗೆಣಸಿನದು ಎಂದು ಹೇಳಿದ ಮೇಲಂತೂ ನಮಗೆ ನೆಂಟಸ್ತಿಕೆಯೇ ಕುದುರಿತು. ಅದರ ಹಿಟ್ಟಿಗೆ ಚೀಸ್ ಬೆರೆಸಿ, ಕಾವಲಿಯ ಮೇಲೆ ಒತ್ತಿ, ಎಂಬೆಜು ಎನ್ನುವ ರೊಟ್ಟಿ ಮಾಡುತ್ತಿದ್ದಳು. ಅವರಲ್ಲಿ ಅದಕ್ಕೆ ಹಂದಿಯ ಕೊಬ್ಬು ಹಾಕುವ ರೂಢಿಯಂತೆ. ನನಗೂ ಕೆಳಮಹಡಿಯ ಬ್ಯಾರಿ ಹೆಂಗಸಿಗೂ ಅದು ಆಗದೆಂದು ತಿಳಿದದ್ದೇ, ಕೊಬ್ಬಿನ ಬದಲು ಬೆಣ್ಣೆ ಹಾಕಿದಳು. ನಮಗೆಂದೇ ಹೊಸ ಕಾವಲಿಯನ್ನೂ ಕೊಂಡಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ನನ್ನ ಮರ್ಯಾದೆ ಕಳೆಯುವಂಥದು.

ಶುಕ್ರವಾರ ಸಂಜೆ ಅವಳು ನಮ್ಮಿಬ್ಬರನ್ನೂ ತೆರೆರೆ ಕುಡಿಯಲು ಕರೆದಳು. ಊರಿಂದ ತಂದ ಒಣ ಎಲೆಯ ಪುಡಿಯನ್ನು ಕೊಂಬಿನ ಲೋಟಕ್ಕೆ ತುಂಬಿ, ಪುದೀನ ಜಜ್ಜಿ ಹಾಕಿದ ಐಸ್‌ನೀರನ್ನು ಅದರ ಮೇಲೆ ಸುರಿಯುತ್ತಾರೆ. ಮೊದಲ ಸಲ ಸುರಿದದ್ದು ಅವರ ಒಬ್ಬ ಸಂತನಿಗೆ. ಅದನ್ನು ಯಾರೂ ಕುಡಿಯುವುದಿಲ್ಲ, ಎಲೆಯೇ ಹೀರಿಕೊಳ್ಳುತ್ತದೆ. ನೈವೇದ್ಯವಲ್ಲವೇ ಎಂದು ನಾನು ಮೆಚ್ಚಿಕೊಂಡೆ. ಆಮೇಲೆ ಅವಳು ಲೋಹದ ಕೊಳವೆಯಲ್ಲಿ ಸೊರ್ರೆಂದು ಹೀರಿ ಮುಗಿಸಿ, ಮತ್ತೆ ನೀರು ಸುರಿದು, ಅದೇ ಲೋಟ ಅದೇ ಕೊಳವೆಯನ್ನು ಬ್ಯಾರಿ ಹೆಂಗಸಿಗೆ ಕೊಟ್ಟಳು. ಅವರು ಬಿಸ್ಮಿಲ್ಲಾ ಎಂದು ಕುಡಿದರು. ಕೊಳವೆಯನ್ನು ಒರೆಸಬಾರದಂತೆ, ಒರೆಸಿದರೆ ಕೊಟ್ಟವರಿಗೆ ಅವಮಾನವಂತೆ. "ಒಬ್ಬಳೇ ಕುಡಿದರೆ ಇದು ಬರೀ ನೀರು," ಎಂದಳು ಅವಳು.

ಲೋಟ ನನ್ನ ಕಡೆ ಬಂತು. ಲೋಟ ಹಸುವಿನ ಕೊಂಬಿನದು ಎಂದಿದ್ದರೆ ಅದು ಬರೀ ನೆಪವಾಗುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಎಂಜಲು. ಮೈಸೂರಿನ ನಮ್ಮ ಮನೆಯಲ್ಲಿ ನೀರನ್ನೂ ಎತ್ತಿ ಕುಡಿಯಬೇಕಿತ್ತು, ಲೋಟಕ್ಕೆ ತುಟಿ ತಾಕಿದರೆ ಅಜ್ಜಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿಸುತ್ತಿದ್ದರು. ಮಡಿ ಮೈಲಿಗೆಯನ್ನೆಲ್ಲ ಬಿಟ್ಟವಳು ಎಂದು ಆಫೀಸಿನಲ್ಲಿ ಜಂಬ ಕೊಚ್ಚುವ ನಾನು ಆಗ ಕೈ ಹಿಂದೆಳೆದುಕೊಂಡೆ. ಸತ್ಯ ಹೇಳಲು ಬಾಯಿ ಬರಲಿಲ್ಲ. ನನಗೆ ಬಾಯಿಹುಣ್ಣು, ಅಂಟುವ ಜಾತಿಯದು, ನಿಮಗೆ ಹತ್ತಬಾರದು ಎಂದುಬಿಟ್ಟೆ.

"ಅಯ್ಯೋ ಪಾಪ, ಹೇಳುವುದಲ್ವಾ ಅಕ್ಕ," ಎಂದರು ಬ್ಯಾರಿ ಹೆಂಗಸು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಮುಗಿಯಲಿಲ್ಲ. ಎದುರುಮನೆಯವಳು ದಿನಕ್ಕೊಮ್ಮೆ ಬಾಗಿಲು ತಟ್ಟತೊಡಗಿದಳು. ಒಮ್ಮೆ ಬಾಯಿ ಮುಕ್ಕಳಿಸಲು ಯಾವುದೋ ಬೇರಿನ ಕಷಾಯ, ಇನ್ನೊಮ್ಮೆ ಅವಳ ತಾಯಿ ಫೋನಿನಲ್ಲಿ ಹೇಳಿಕೊಟ್ಟ ಜೇನಿನ ಮದ್ದು. ಸಮುದ್ರದಾಚೆಯ ಆ ಮುದುಕಿಯೂ ನನ್ನ ಇಲ್ಲದ ಹುಣ್ಣಿಗಾಗಿ ಮೇಣದಬತ್ತಿ ಹಚ್ಚಿದ್ದಳಂತೆ. ನಾನು ಥ್ಯಾಂಕ್ಸ್ ಹೇಳಿ, ಬಾಗಿಲು ಹಾಕಿ, ಕಷಾಯವನ್ನು ಸಿಂಕಿಗೆ ಸುರಿಯುತ್ತಿದ್ದೆ. ಶುಕ್ರವಾರದ ಕರೆಗೂ ಅದೇ ನೆಪ ಹೇಳಿ, ಗಂಡನಿಗೆ ಏನೂ ತಿಳಿಸದೆ, ಹೀಗೆ ಎರಡು ತಿಂಗಳು ಕಳೆದೆ.

ಒಂದು ಸಂಜೆ ಕರಕ್ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ, ನಾನೂ ನನ್ನ ಗಂಡನೂ ಒಂದೇ ಕಪ್ಪು ಹಿಡಿದು ಕೂತಿದ್ದೆವು. ಅವರು ಅರ್ಧ ಕುಡಿದು ಕೊಟ್ಟರು, ನಾನು ಮಿಕ್ಕದ್ದನ್ನು ಕುಡಿಯುತ್ತಿದ್ದೆ. ಗಂಡನ ಎಂಜಲು ನಮ್ಮಲ್ಲಿ ಎಂಜಲಲ್ಲ ನೋಡಿ. ತರಕಾರಿ ಚೀಲ ಹಿಡಿದು ಬರುತ್ತಿದ್ದ ಅವಳು ನಮ್ಮನ್ನು ಕಂಡು ಕಿಟಕಿಗೆ ಬಗ್ಗಿದಳು. ಮುಖ ಅರಳಿತ್ತು.

"ಹುಣ್ಣು ವಾಸಿಯಾಯಿತಾ?" ಎಂದು ಕೇಳಿದಳು.

"ಹುಣ್ಣಾ? ಇವಳಿಗೆ ಯಾವ ಹುಣ್ಣೂ ಆಗಿರಲಿಲ್ಲವಲ್ಲ," ಎಂದರು ನನ್ನ ಗಂಡ, ಇಂಗ್ಲಿಷಿನಲ್ಲೇ.

ಅವಳು ಕಪ್ಪನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಗಂಡ ಕಾರು ಹತ್ತಿ ಎಂದು ಹಿಂದಿನ ಬಾಗಿಲು ತೆರೆದರೂ, ನಡೆದೇ ಹೋಗುತ್ತೇನೆ ಎಂದಳು. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು.

ಮುಂದಿನ ಶುಕ್ರವಾರ ಕರೆ ಬರಲಾರದು ಎಂದುಕೊಂಡಿದ್ದೆ, ಬಂತು. ಕ್ಷಮೆ ಕೇಳಿ, ಆ ಕೊಳವೆಯಲ್ಲೇ ಕುಡಿಯಬೇಕೆಂದು ಎರಡು ದಿನ ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ. ಹೋದರೆ, ಮೇಜಿನ ಮೇಲೆ ಹೊಸ ಕಾಗದದ ಲೋಟಗಳ ಕಟ್ಟು, ಪಕ್ಕದಲ್ಲಿ ಬಿಡಿಬಿಡಿಯಾಗಿ ಸುತ್ತಿದ ಸ್ಟ್ರಾಗಳು. ಅವಳು ಒಂದನ್ನು ಬಿಚ್ಚಿ, ನನ್ನ ಪಾಲನ್ನು ಬೇರೆಯಾಗಿ ಸೋಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಇದೆಂತ, ಅಕ್ಕನಿಗೆ ಬೇರೆ?" ಎಂದು ಬ್ಯಾರಿ ಹೆಂಗಸು ಲೋಟ ತೋರಿಸಿ ಕೇಳಿದರು.

ಉತ್ತರ ನಾನು ಕೊಡಬೇಕಿತ್ತು. ಅವಳೇ ಕೊಟ್ಟಳು. "ಅದು ಅವರ ಮನೆಯ ಪದ್ಧತಿ. ನಾನೇ ಮೊದಲು ಕೇಳಿ ತಿಳಿದುಕೊಳ್ಳಬೇಕಿತ್ತು. ತಪ್ಪು ನನ್ನದು."

ಆಗಲೂ ಆ ಕಾಗದದ ಲೋಟವನ್ನು ಬದಿಗಿಟ್ಟು ಕೊಂಬಿಗೆ ಕೈ ಚಾಚಬಹುದಿತ್ತು. ಕೊಂಬು ನನ್ನಿಂದ ಒಂದು ಮೊಳ ದೂರದಲ್ಲಿತ್ತು. ನಾನು ಚಾಚಲಿಲ್ಲ. ಸ್ಟ್ರಾ ತುಟಿಗಿಟ್ಟು ತಣ್ಣಗೆ, ಕಹಿಯಾಗಿ, ಪೂರ್ತಿ ಕುಡಿದೆ. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಿದೆ, ಸಿಕ್ಕಿಬಿದ್ದದ್ದಕ್ಕೂ ಇದೆ. ಆದರೆ ಆ ಕಾಗದದ ಲೋಟ ಕೈಗೆ ಬಂದಾಗ ನನಗೆ ಒಳಗೊಳಗೇ ಹಾಯೆನಿಸಿತಲ್ಲ, ಅದನ್ನು ಅವಳು ನನ್ನ ಮುಖದಲ್ಲಿ ಕಂಡಳು.