ಒತ್ತಿ ಹಿಡಿದ ಬೆರಳು

ನಮ್ಮಪ್ಪ ಪುಸ್ತಕಗಳಿಗೆ ಬೈಂಡಿಂಗ್ ಮಾಡುವವರು. ನಲವತ್ತೆಂಟು ವರ್ಷ ಹಾಳೆಯ ಮಡಿಕೆಯನ್ನು ಹೆಬ್ಬೆರಳಿನಿಂದಲೇ ತೀಡಿ ತೀಡಿ ಅದರ ತುದಿ ಒಣಗಿ, ನುಣ್ಣಗಾಗಿ, ಗೆರೆಗಳೇ ಅಳಿಸಿಹೋಗಿದ್ದವು. ಪುಸ್ತಕದ ಬೆನ್ನಿಗೆ ಅಂಟು ಹಚ್ಚಿದ ಮೇಲೆ ನೂರು ಎಣಿಸುವವರೆಗೆ ಒತ್ತಿ ಹಿಡಿಯದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ.

ಅಮ್ಮ ಆಸ್ಪತ್ರೆ ಸೇರಿದಾಗ ಸೋಂಕಿನ ಭಯಕ್ಕೆ ವಾರ್ಡಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ದಿನಕ್ಕೊಮ್ಮೆ, ಸಂಜೆ ನಾಲ್ಕಕ್ಕೆ, ನರ್ಸ್ ವಿಡಿಯೋ ಕಾಲ್ ಮಾಡಿಕೊಡುತ್ತಿದ್ದರು. ಅದಕ್ಕೆಂದೇ ಅಪ್ಪನಿಗೆ ಟಚ್ ಫೋನ್ ತಂದುಕೊಟ್ಟೆ. ಕಾಲ್ ಬಂದಾಗ ಹಸಿರು ಗುರುತನ್ನು ಮೇಲಕ್ಕೆ ಸರಿಸಬೇಕು, ಅಷ್ಟೇ. ಅಪ್ಪ ಅದನ್ನು ಒತ್ತಿ ಹಿಡಿದರು.

“ಅಪ್ಪಾ, ಒತ್ತಬೇಡಿ. ಮೆಲ್ಲಗೆ ಸರಿಸಿ.”

“ಒತ್ತದೆ ಯಾವುದಮ್ಮಾ ಕೂತ್ಕೊಳ್ಳುತ್ತೆ?”

ಇಬ್ಬರೂ ನಕ್ಕೆವು. ಮೊದಲೆರಡು ದಿನ ನಾನೇ ಪಕ್ಕದಲ್ಲಿ ಕೂತು ಸರಿಸಿಕೊಟ್ಟೆ. ಅಪ್ಪನ ಷರ್ಟಿನ ಗುಂಡಿ ಕಿತ್ತುಹೋಗಿರುವುದನ್ನು ಅಮ್ಮ ಮಂಚದಿಂದಲೇ ಕಂಡುಹಿಡಿದು ಬೈದಳು. ಮೂರನೆಯ ದಿನ ನನಗೆ ರಜೆ ಸಿಗಲಿಲ್ಲ. ಬೆಳಗ್ಗೆ ಹತ್ತು ಸಲ ಕಾಲ್ ಮಾಡಿ ಅಭ್ಯಾಸ ಮಾಡಿಸಿದೆ. ಎತ್ತಿದ್ದು ಮೂರೇ ಸಲ.

“ಸರಿಸ್ತಾನೇ ಇದ್ದೀನಿ ಕಣಮ್ಮಾ, ಅದು ಕದಲ್ತಿಲ್ಲ.”

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು ಎಂದುಕೊಂಡೆ. ಆಫೀಸಿಗೆ ಬೇರೆ ಹೊತ್ತಾಗಿತ್ತು. “ಮೂರು ವರ್ಷದ ಮಗುಗೆ ಬರುತ್ತೆ, ನಿಮಗೆ ಬರಲ್ವಾ?” ಎಂದು ರೇಗಿದೆ. ಅಪ್ಪ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಸರಿಸತೊಡಗಿದರು.

ನಾಲ್ಕಕ್ಕೆ ಸರಿಯಾಗಿ ಫೋನ್ ಬಂತು. ಬೈಂಡಿಂಗ್ ಅಂಗಡಿಯಲ್ಲಿ ಅವರೊಬ್ಬರೇ. ಸರಿಸಿದರು, ಉಜ್ಜಿದರು, ಕೊನೆಗೆ ಗಾಬರಿಯಲ್ಲಿ ಒತ್ತಿ ಹಿಡಿದುಬಿಟ್ಟರು. ಕಾಲ್ ನಿಂತಿತು. ಇನ್ನೆರಡು ಸಲ ಬಂತು. ಯಾರಾದರೂ ಎತ್ತಿಕೊಟ್ಟಾರೆಂದು ಬೀದಿಗೆ ಓಡಿದರು. ಅಷ್ಟರಲ್ಲಿ ಅದೂ ನಿಂತಿತು. ಮರುದಿನ ಬೆಳಗಾಗುವ ಮೊದಲೇ ಅಮ್ಮ ಹೋದಳು.

ತಿಂಗಳ ಮೇಲೆ ಆ ಫೋನನ್ನು ರಿಪೇರಿಗೆ ಒಯ್ದೆವು. ರಿಪೇರಿಯವನು ಬಿಚ್ಚಲೂ ಇಲ್ಲ, ಅಪ್ಪ ಸರಿಸುವುದನ್ನು ಒಮ್ಮೆ ನೋಡಿ ಅವರ ಹೆಬ್ಬೆರಳನ್ನು ಮುಟ್ಟಿ ನೋಡಿದ. “ಫೋನ್ ಸರಿಯಾಗೇ ಇದೆ. ವಯಸ್ಸಾದವರ ಚರ್ಮ ಇಷ್ಟು ಒಣಗಿದ್ರೆ ಸ್ಕ್ರೀನಿಗೆ ಗೊತ್ತೇ ಆಗಲ್ಲ. ಬೆರಳು ಒಂಚೂರು ಒದ್ದೆ ಮಾಡ್ಕೊಂಡಿದ್ರೆ ಸಾಕಿತ್ತು.”

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ದಾರಿಯಲ್ಲಿ ಅಪ್ಪನ ಕೈ ಹಿಡಿದುಕೊಂಡೆ.

“ನಿಮ್ಮ ತಪ್ಪಲ್ಲಪ್ಪಾ. ನಾನೇ ಸುಮ್ಮಸುಮ್ಮನೆ ಬೈದೆ.”

“ನಿನಗೆ ಗೊತ್ತಾಯ್ತಲ್ಲ, ಬಿಡು,” ಎಂದರು. ನಾಲ್ಕು ಹೆಜ್ಜೆ ನಡೆದು ನಿಂತರು. “ಅವಳಿಗೆ ಯಾರು ಹೇಳ್ತಾರೆ?”