ರೂಪಾಯಿ ಬಿದ್ದ ದಿನದ ಶಿರಾ

ಆಗೆಲ್ಲ ನಮ್ಮ ಮನೆಯಲ್ಲಿ ರೂಪಾಯಿ ಬಿದ್ದರೆ ಶಿರಾ ಮಾಡುತ್ತಿದ್ದರು. ನಗಬೇಡಿ, ಮನೆಯವರೊಬ್ಬರು ಗಲ್ಫಿನಲ್ಲಿದ್ದವರಿಗೆ ಇದು ಗೊತ್ತಿರುತ್ತದೆ. ಅಪ್ಪ ಮಸ್ಕತ್ತಿನಲ್ಲಿ ವೆಲ್ಡರ್ ಆಗಿದ್ದರು. ಅವರ ಪಗಾರ ರಿಯಾಲಿನಲ್ಲಿ, ನಮ್ಮ ಖರ್ಚು ರೂಪಾಯಿಯಲ್ಲಿ. ರೂಪಾಯಿ ಇಳಿದಷ್ಟೂ ಅದೇ ರಿಯಾಲಿಗೆ ನಮ್ಮ ಕೈಗೆ ಹೆಚ್ಚು ದುಡ್ಡು ಬರುತ್ತಿತ್ತು. ದಾದರಿಗೆ ಹತ್ತಿರ, ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಕೆಳಗೆ ಒಂದು ಕಿರಾಣಿ ಅಂಗಡಿ. ಅವ್ವ ಬೆಳಿಗ್ಗೆ ಅಲ್ಲಿಯ ಪೇಪರಿನಲ್ಲಿ ದರ ನೋಡಿ ಬರುತ್ತಿದ್ದಳು. ಬರುವಾಗ ಕೈಯಲ್ಲಿ ರವೆಯ ಪುಡಿಕೆ ಇದ್ದರೆ ರೂಪಾಯಿ ಬಿದ್ದಿದೆ ಎಂದೇ ಅರ್ಥ. ಬೀಳುವುದೆಂದರೆ ನನಗೆ ಮಾವಿನಹಣ್ಣು ಬಿದ್ದ ಹಾಗೆ, ಕೆಳಗೆ ನಿಂತವರಿಗೆ ಸಿಕ್ಕಿತು, ಅಷ್ಟೆ.

ನಮ್ಮ ಜೊತೆಗೇ ಇದ್ದ ಅಜ್ಜ, ಅವ್ವನ ಅಪ್ಪ, ಮಾತ್ರ ಶಿರಾ ತಿನ್ನುವಾಗಲೂ ಮುಖ ಗಂಟಿಕ್ಕಿಕೊಂಡಿರುತ್ತಿದ್ದ. ಹರೆಯದಲ್ಲಿ ಅವನೂ ಮಸ್ಕತ್ತಿನ ಬಂದರಿನಲ್ಲಿ ಮೂಟೆ ಹೊತ್ತವನು.

“ನಮ್ಮ ಕಾಲಕ್ಕ ಅಲ್ಲಿ ರೂಪಾಯಿನ ನಡೀತಿತ್ತು. ನೋಟಿನ ಬಣ್ಣ ಬ್ಯಾರೆ, ಆದ್ರ ನಮ್ಮ ದೇಶದ್ದ. ಪಗಾರ ಅದರಾಗ, ಚಾ ಅದರಾಗ” ಎನ್ನುತ್ತಿದ್ದ.

“ಮತ್ತ ಈ ರಿಯಾಲ್ ಯಾಕ ಬಂತು ಅಜ್ಜಾ?”

“ದಿಲ್ಲಿಯವರು ರೂಪಾಯಿ ಬೆಲಿ ಇಳಿಸಿದ್ರು. ಆ ಕಡೆಯವರು ಒಬ್ಬೊಬ್ಬರ ನಮ್ಮ ಕೈ ಬಿಟ್ಟು ತಮ್ಮ ತಮ್ಮ ನೋಟು ಮಾಡ್ಕೊಂಡ್ರು. ಮಸ್ಕತ್ತಿನವರು ಕಡೀಕ ಬಿಟ್ರು. ಬಿದ್ದದ್ದಕ್ಕ ಸಿಹಿ ಮಾಡಾಕಿ ನಿಮ್ಮವ್ವ ಒಬ್ಬಾಕಿನ ನೋಡು.”

ಎದುರು ಮನೆಯ ಸುನಂದಾ ನನ್ನ ಗೆಳತಿ. ಅವರು ಬೆಳಗಾವಿ ಕಡೆಯವರು. ಅವಳ ಅಪ್ಪ, ನಮಗೆಲ್ಲ ಕಾಕಾ, ದಾದರಿನ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಸುನಂದಾಳ ಹೃದಯದ ವಾಲ್ವ್ ಕೆಟ್ಟಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಹಾಗಾಗಿ ನಮ್ಮದು ಕೂತು ಆಡುವ ಆಟ. ಸೋಡಾ ಬಾಟಲಿಯ ಮುಚ್ಚಳ ರಿಯಾಲು, ಹುರಿದ ಹುಣಸೆಬೀಜ ರೂಪಾಯಿ. ಬದಲಿಸಿಕೊಡುವ ಬ್ಯಾಂಕು ಸುನಂದಾ, ಭಾರಿ ಜಿಪುಣಿ. “ಇವತ್ತ ದರ ಚಲೋ ಇಲ್ಲ, ನಾಳಿ ಬಾ” ಎಂದು ನನ್ನನ್ನು ಓಡಿಸಿ, ಬೀಜ ಬಾಯಿಗೆ ಹಾಕಿಕೊಂಡು ಕಟಕಟ ಕಡಿಯುತ್ತಿದ್ದಳು. ಬ್ಯಾಂಕೇ ರೂಪಾಯಿ ತಿನ್ನುತ್ತದೆ ಎಂದು ನನ್ನ ಜಗಳ.

ಎರಡು ಮನೆಗಳ ನಡುವೆ ತಾಟುಗಳು ಸದಾ ಓಡಾಡುತ್ತಿದ್ದವು. ಬಂದ ತಾಟನ್ನು ಖಾಲಿ ಕಳಿಸುವ ಹಾಗಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಇಡಬೇಕು.

ತೊಂಬತ್ತೊಂದರ ಮಳೆಗಾಲ. ಸರ್ಕಾರವೇ ಎರಡು ದಿನದ ಅಂತರದಲ್ಲಿ ಎರಡು ಸಲ ರೂಪಾಯಿಯ ಬೆಲೆ ಇಳಿಸಿತು. ಕಾಂದಿವಲಿಯಲ್ಲಿ ಒಂದು ಫ್ಲ್ಯಾಟು ಹಿಡಿಯಬೇಕೆಂದು ವರ್ಷಗಳಿಂದ ಜಪಿಸುತ್ತಿದ್ದ ಅವ್ವನಿಗೆ ಅಂದು ಕಾಲು ನೆಲದ ಮೇಲಿರಲಿಲ್ಲ. ಕೈ ಬಿಚ್ಚಿ ತುಪ್ಪ ಸುರಿದಳು, ಏಲಕ್ಕಿಯ ಘಮ ಮೆಟ್ಟಿಲವರೆಗೂ ಹೋಗಿತ್ತು. ಎದುರು ಮನೆಗೆ ತಾಟು ಒಯ್ದವಳು ನಾನು.

“ಏನವಾ, ಇವತ್ತೇನ ವಿಶೇಷ?” ಎಂದಳು ಸುನಂದಾಳ ಅವ್ವ, ನಮ್ಮ ಕಾಕು.

“ರೂಪಾಯಿ ಬಿದ್ದೈತ್ರಿ ಕಾಕು! ಎರಡು ಸಲ!”

ಮಂಚದ ಮೇಲಿದ್ದ ಕಾಕಾ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ಕಾಕು ತಾಟು ತೆಗೆದುಕೊಂಡಳು. “ಹೌದ? ಚಲೋ ಆತವಾ” ಎಂದಳು. ಸುನಂದಾ ಗೋಡಂಬಿ ಆರಿಸಿಕೊಂಡು ಮೊದಲು ತಿಂದಳು, ಆಮೇಲೆ ಶಿರಾ. ಕಾಕು ತಾಟು ತೊಳೆದು ತಂದಾಗ ಅವಳ ಕಣ್ಣು ಕೆಂಪಾಗಿದ್ದವು. ತಾಟಿನ ನಡುವೆ ಸಕ್ಕರೆ ಇತ್ತು.

ಮನೆಗೆ ಬಂದು ಕಂಡದ್ದೆಲ್ಲ ಹೇಳಿದೆ. ಅಜ್ಜ ಅವ್ವನ ಕಡೆ ತಿರುಗಿದ.

“ರಿಯಾಲ್ ಏರಿದ್ರ ಡಾಲರ್ ಏರೂದಿಲ್ಲೇನು? ಆ ಕೂಸಿಗೆ ಹಾಕೂ ವಾಲ್ವ್ ಪರದೇಶದಿಂದ ಬರಬೇಕು. ಅವರಪ್ಪ ಹೆಂಡ್ತಿ ಬಂಗಾರದ ಬಳಿ ಮಾರಿ ಕೂಡಿಸಿದ ರೊಕ್ಕ ನಿನ್ನೆ ಸಾಕಾಗ್ತಿತ್ತು, ಇವತ್ತ ಸಾಲೂದಿಲ್ಲ.”

ಅವ್ವ ಒಲೆಯ ಮುಂದೆ ಕೂತುಬಿಟ್ಟಳು. ಉಳಿದ ಶಿರಾ ಯಾರೂ ಮುಟ್ಟಲಿಲ್ಲ.

ಆ ತಿಂಗಳು ಅಪ್ಪನ ಡ್ರಾಫ್ಟ್ ಬಂದಾಗ, ದರ ಏರಿದ್ದಕ್ಕೆ ಹೆಚ್ಚು ಸಿಕ್ಕ ದುಡ್ಡನ್ನು ಅವ್ವ ಸೆರಗಿನಲ್ಲಿ ಕಟ್ಟಿಕೊಂಡು ಎದುರು ಮನೆಗೆ ಹೋದಳು. ನಾನೂ ಹಿಂದೆ ಹೋದೆ. ಕಾಕು ಬೇಡವೇ ಬೇಡ ಎಂದಳು.

“ಇದು ನಮ್ಮದಲ್ಲ ಅಕ್ಕಾ. ನಿಮ್ಮ ಕೈಯಾಗಿಂದ ಜಾರಿ ನಮ್ಮ ಕೈಯಾಗ ಬಿದ್ದದ್ದು” ಎಂದಳು ಅವ್ವ.

ಮುಂದಿನ ತಿಂಗಳೂ ಹಾಗೆಯೇ ಕೊಟ್ಟಳು. ಫ್ಲ್ಯಾಟಿನ ಮಾತು ನಿಂತಿತೆಂದು ಅಪ್ಪ ಫೋನಿನಲ್ಲಿ ಕೂಗಾಡಿದರು. ಅವ್ವ ಪೂರಾ ಕೇಳಿಸಿಕೊಂಡು ಫೋನ್ ಇಟ್ಟಳು.

ಕೊರತೆ ತುಂಬಿ, ಆಸ್ಪತ್ರೆಯವರು ಆಪರೇಷನ್ನಿಗೆ ದೀಪಾವಳಿಯ ನಂತರದ ತಾರೀಖು ಕೊಟ್ಟರು. ಸುನಂದಾ ನವರಾತ್ರಿಯಲ್ಲೇ ಹೋಗಿಬಿಟ್ಟಳು. ಮಳೆಗಾಲದಲ್ಲೇ ಆಗಿದ್ದರೆ ಉಳಿಯುತ್ತಿದ್ದಳು ಎಂದು ಯಾರೋ, ಆದರೂ ಉಳಿಯುತ್ತಿರಲಿಲ್ಲ ಎಂದು ಇನ್ಯಾರೋ. ನನಗೆ ಇವತ್ತಿಗೂ ತಿಳಿಯದು. ರೂಪಾಯಿ ಬಿದ್ದ ಆ ಎರಡು ದಿನಗಳ ಮೇಲೆ ನನಗೆ ಇರುವ ಸಿಟ್ಟು ಮಾತ್ರ ಇಳಿದಿಲ್ಲ. ಹುಣಸೆಬೀಜದ ಡಬ್ಬಿ ಬಹಳ ದಿನ ನಮ್ಮ ಕಿಟಕಿಯಲ್ಲೇ ಇತ್ತು, ಹುಳ ಹಿಡಿಯಿತು.

ಮನೆ ಖಾಲಿ ಮಾಡಿ ಊರಿಗೆ ಹೊರಡುವ ಮುನ್ನ ಕಾಕು ಅವ್ವನ ದುಡ್ಡು ಪೂರಾ ತಂದುಕೊಟ್ಟಳು. ಅದೇ ದುಡ್ಡು ಸೇರಿ ಕಾಂದಿವಲಿಯ ಫ್ಲ್ಯಾಟು ಬಂತು. ಅವ್ವ ಮತ್ತೆಂದೂ ದರ ನೋಡಲು ಹೋಗಲಿಲ್ಲ.

ಈಗಲೂ ಅದೇ ಫ್ಲ್ಯಾಟು. ಅಪ್ಪ ಇಲ್ಲ, ಅವ್ವ ನನ್ನ ಜೊತೆಗಿದ್ದಾಳೆ, ಕಿವಿ ಮಂದ. ಮೊನ್ನೆ ನನ್ನ ಮಗಳು ಮೊಬೈಲ್ ನೋಡುತ್ತ, “ಮಮ್ಮಿ, ರುಪೀ ಫಿರ್ ಸೇ ಗಿರ್ ಗಯಾ” ಎಂದಳು. ಟಿವಿಯ ಸದ್ದಿನಲ್ಲೂ ಅವ್ವನಿಗೆ ಅದೊಂದು ಕೇಳಿಸಿತು.

“ರೂಪಾಯಿ ಬಿತ್ತ? ಹೋಗವಾ, ಎದುರ ಮನ್ಯಾಗ ಎಲ್ಲಾರೂ ಆರಾಮ ಅದಾರೇನ ಕೇಳಿ ಬಾ.”

ಎದ್ದು ಬಾಗಿಲು ತೆರೆದೆ. ಎದುರಿನ ಬಾಗಿಲು ಮುಚ್ಚಿತ್ತು, ಅದರ ಮುಂದೆ ಎರಡು ಜೊತೆ ಚಪ್ಪಲಿ. ಇಷ್ಟು ವರ್ಷ ಒಂದೇ ಲಿಫ್ಟಿನಲ್ಲಿ ಇಳಿದು ಹತ್ತಿದ್ದೇವೆ. ಕರೆಯಲು ಬಾಯಿ ತೆರೆದವಳಿಗೆ ಆ ಮನೆಯವರ ಹೆಸರು ಗೊತ್ತಿರಲಿಲ್ಲ.