ಹರಳೆಣ್ಣೆ ಮತ್ತು ಹತ್ತನೇ ಕ್ಲಾಸು

ಐವತ್ತೆಂಟು ವರ್ಷದ ರಜೆ ಮುಗಿಸಿ ನಾನು ಮತ್ತೆ ಶಾಲೆಗೆ ಹೋದೆ. ರಜೆ ಸ್ವಲ್ಪ ಉದ್ದವಾಯಿತು, ಒಪ್ಪುತ್ತೇನೆ. ನಾಲ್ಕನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅಮ್ಮ ಹೆತ್ತಳು, ಮಗು ಎತ್ತಿಕೊಳ್ಳಲು ಒಬ್ಬರು ಬೇಕಿತ್ತು, ನನ್ನ ಸೊಂಟ ಖಾಲಿ ಇತ್ತು. ಇದನ್ನು ಕೇಳಿ ಕಣ್ಣು ಒರೆಸಿಕೊಳ್ಳುವವರಿದ್ದಾರೆ. ಅದರ ಅಗತ್ಯವೇನೂ ಇಲ್ಲ. ಆಗ ನನಗೂ ಮಗ್ಗಿ ಬರುತ್ತಿರಲಿಲ್ಲ, ಮಗುವಿಗೂ ಬರುತ್ತಿರಲಿಲ್ಲ. ಇಬ್ಬರೂ ಸುಖವಾಗಿದ್ದೆವು.

ಈಗ ಯಾಕೆ ಎಂದು ಬೀದಿಯೆಲ್ಲ ಕೇಳಿತು. ಮೊಮ್ಮಗಳು ಸಿಂಧು ಹತ್ತನೇ ಕ್ಲಾಸಿನಲ್ಲಿದ್ದಾಗ ಮನೆ ತುಂಬಾ ಓಡಾಡಿಕೊಂಡು ಎಕ್ಸು, ವೈ ಎಂದು ಒದರುತ್ತಿದ್ದಳು. ನಾನು ಹಿಂದೆ ಹಿಂದೆ ತಟ್ಟೆ ಹಿಡಿದುಕೊಂಡು ಹೋಗಿ ತುತ್ತು ಹಾಕುತ್ತಿದ್ದೆ. ಅಷ್ಟು ಅನ್ನ ತಿಂದ ಆ ಎಕ್ಸು ಯಾರು, ನೋಡಿಯೇ ಬಿಡೋಣ ಅನಿಸಿತು. ಸಿಂಧು ಅರ್ಜಿ ತುಂಬಿದಳು. ಶಿವಮೊಗ್ಗದ ಕೋಟೆ ಹತ್ತಿರ ಪಾತ್ರೆ ಅಂಗಡಿಯ ಮೇಲೆ ಒಂದು ಟ್ಯುಟೋರಿಯಲ್ಲು, ವಾರಕ್ಕೆ ಮೂರು ದಿನ ಕ್ಲಾಸು. ಸಿಂಧುವಿನ ಡಿಗ್ರಿ ಕಾಲೇಜೂ ಶಿವಮೊಗ್ಗದಲ್ಲೇ. ಅವಳ ರಜೆ ಮುಗಿಯುವುದೂ ನನ್ನ ರಜೆ ಮುಗಿಯುವುದೂ ಒಂದೇ ಸೋಮವಾರ. ಭದ್ರಾವತಿಯಿಂದ ಒಂದೇ ಬಸ್ಸಿಗೆ ಇಬ್ಬರು ವಿದ್ಯಾರ್ಥಿನಿಯರು.

ಮಗನಿಗೆ ಯಾವ ವಿಷಯದಲ್ಲೂ ಅಭಿಪ್ರಾಯವಿಲ್ಲ. ಸೊಸೆ ಗಿರಿಜಾ ಮಾತ್ರ ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ ಹೇಳಿದಳು: "ಹೋಗಿ ಅತ್ತೆ, ಬೇಡ ಅನ್ನಲ್ಲ. ಆದ್ರೆ ಒಂದು ದಿನ ಹುಷಾರು ತಪ್ಪಿದ್ರೂ ಕ್ಲಾಸು ಬಂದ್."

ಈ ವಾಕ್ಯ ನನ್ನದು. ಸಿಂಧು ಎಲ್‌ಕೆಜಿಗೆ ಸೇರಿದ ದಿನದಿಂದ ನಾನೇ ಹೇಳಿಕೊಂಡು ಬಂದದ್ದು. ಶಾಲೆ ಎಂದರೆ ಮಕ್ಕಳು ಮೊದಲು ಕಲಿಯುವುದು ಕೆಮ್ಮು, ಕಾಗುಣಿತ ಆಮೇಲೆ. ಶಾಲೆ ಶುರುವಾದ ಮೊದಲ ವಾರದಲ್ಲಿ ಒಂದು ಮಗುವಿನ ನೆಗಡಿ ಅರವತ್ತು ಮಕ್ಕಳಿಗೂ ಸಮನಾಗಿ ಹಂಚಿಹೋಗುತ್ತದೆ. ಆದ್ದರಿಂದ ನನ್ನ ಕಾನೂನುಗಳಿದ್ದವು. ತಲೆ ಒಣಗದೆ ಹೊಸಲು ದಾಟಬಾರದು. ನೀರಿನ ಬಾಟಲಿ ಯಾರ ಬಾಯಿಗೂ ಕೊಡಬಾರದು. ಗೇಟಿನ ಮುಂದಿನ ಖಾರ ಮಂಡಕ್ಕಿ ಕಣ್ಣಲ್ಲಿ ನೋಡಬಹುದು, ಅಷ್ಟೇ. ಸೀನಿದರೆ ಮನೆ. ನಾಲ್ಕನೇ ಕ್ಲಾಸಿನಲ್ಲಿ ಸ್ಕೂಲ್ ಡೇ ದಿನ ಸಿಂಧು ನವಿಲಾಗಬೇಕಿತ್ತು. ಗರಿ ಕಟ್ಟಿ, ಕಣ್ಣಿಗೆ ಬಣ್ಣ ಬಳಿದು ಆಗಿತ್ತು. ಹೊರಡುವಾಗ ಒಂದು ಸೀನು ಸೀನಿದಳು. ನಾನು ಗರಿ ಬಿಚ್ಚಿ ಕಂಬಳಿ ಹೊದಿಸಿದೆ. ಇನ್ಯಾರದೋ ಮಗು ನವಿಲಾಯಿತು. ಆಮೇಲೆ ಗೊತ್ತಾಯಿತು, ಸೀನು ಬಂದದ್ದು ಮುಖಕ್ಕೆ ಹಾಕಿದ ಪೌಡರಿನಿಂದ.

ಈ ಎಲ್ಲ ಕಾನೂನಿಗೂ ತಾಯಿಯಂಥದ್ದು ಹರಳೆಣ್ಣೆ. ರಜೆ ಮುಗಿಯುವ ಭಾನುವಾರ ಬೆಳಗಿನ ಜಾವ, ಬಿಸಿ ಕಾಫಿಯಲ್ಲಿ ಬೆರೆಸಿ, ಮೂಗು ಹಿಡಿದು ಒಂದೇ ಗುಟುಕಿಗೆ ಇಳಿಸಬೇಕು. ರಜೆಯಲ್ಲಿ ತಿಂದ ಮಾವಿನಹಣ್ಣು, ಹಪ್ಪಳ, ಕದ್ದು ತಿಂದ ಬೆಲ್ಲ ಎಲ್ಲಕ್ಕೂ ಮಧ್ಯಾಹ್ನದೊಳಗೆ ಜಾಮೀನು ಸಿಗುತ್ತದೆ. ಮಧ್ಯಾಹ್ನ ತಿಳಿಸಾರು ಅನ್ನ, ಸಂಜೆ ನಿದ್ದೆ. ಸೋಮವಾರ ಮಗು ತೊಳೆದಿಟ್ಟ ಚೊಂಬಿನ ಹಾಗೆ ಶಾಲೆಗೆ ಹೋಗುತ್ತದೆ. ಈಗಿನ ಡಾಕ್ಟರುಗಳು ಇದು ಬೇಡ ಎನ್ನುತ್ತಾರೆ. ಅವರಿಗೂ ಚಿಕ್ಕಂದಿನಲ್ಲಿ ಯಾರೋ ಕುಡಿಸಿರಬೇಕು, ಆ ಸಿಟ್ಟು.

ಗಿರಿಜಾ ಬಾಟಲಿ ತಂದಿಟ್ಟಿದ್ದು ಶನಿವಾರವೇ ನನ್ನ ಕಣ್ಣಿಗೆ ಬಿತ್ತು. ಕುಡಿಸುವುದು ಬೇರೆ, ಕುಡಿಯುವುದು ಬೇರೆ. ಭಾನುವಾರ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಗೆಳತಿಯ ಮೊಮ್ಮಗನ ನಾಮಕರಣ ಎಂದು ಚೀಟಿ ಬರೆದಿಟ್ಟು ಮನೆ ಬಿಟ್ಟೆ. ನಾಮಕರಣ ನಿಜವಾಗಿಯೂ ಇತ್ತು. ನನ್ನನ್ನು ಕರೆದಿರಲಿಲ್ಲ, ಅಷ್ಟೇ. ಹೋಳಿಗೆ ಊಟ ಮಾಡಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಧೈರ್ಯವಾಗಿ ವಾಪಸು ಬಂದೆ. ಗಿರಿಜಾ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಸಂಜೆ ಹೊತ್ತು ಕುಡಿಯೋದಲ್ಲ ಕಣೆ ಇದು."

"ಹರಳೆಣ್ಣೆಗೆ ಗಡಿಯಾರ ಗೊತ್ತಿಲ್ಲ ಅಂತಿದ್ರಲ್ಲ ನೀವೇ."

ಅದೂ ನನ್ನದೇ ಮಾತು. ಸಿಂಧು ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸಿನಿಮಾ ನೋಡುವ ಹಾಗೆ ನೋಡುತ್ತಿದ್ದಳು. ಮೂಗು ಹಿಡಿಯಲು ಅವಳೇ ಬಂದಳು. ಕುಡಿದೆ.

ರಾತ್ರಿ ಹೊಟ್ಟೆ ಮಾತೇ ಆಡಲಿಲ್ಲ. ಬೆಳಗ್ಗೆಯೂ ಇಲ್ಲ. ಅರವತ್ತೆಂಟು ವರ್ಷದ ಹೊಟ್ಟೆ, ಹರಳೆಣ್ಣೆಯನ್ನೇ ಅರಗಿಸಿಕೊಂಡಿತು ಎಂದು ಒಳಗೊಳಗೇ ಜಂಬಪಟ್ಟು ಬಸ್ಸು ಹತ್ತಿದೆ. ಕಿವಿಗೆ ಹತ್ತಿ, ಮೇಲೆ ಸ್ವೆಟರು, ಬ್ಯಾಗಿನಲ್ಲಿ ಕಷಾಯದ ಫ್ಲಾಸ್ಕು. ಎಲ್ಲ ಗಿರಿಜಾ ಕಟ್ಟಿ ಕಳಿಸಿದ್ದು. ಅರ್ಧ ದಾರಿ ದಾಟಿತ್ತು. ಮಲವಗೊಪ್ಪ ಹತ್ತಿರ ಬಂದಾಗ ಹೊಟ್ಟೆ ಮೊದಲನೆಯ ಮಾತಾಡಿತು. ಎರಡನೆಯ ಮಾತಿಗೆ ಕಾಯುವ ಹಾಗಿರಲಿಲ್ಲ.

"ಕಂಡಕ್ಟರಪ್ಪಾ, ಇಳಿಸು."

"ಇಲ್ಲಿ ಸ್ಟಾಪಿಲ್ಲ ಅಜ್ಜಿ."

"ನಂಗೂ ಸ್ಟಾಪಿಲ್ಲ ಕಣಪ್ಪ, ಬೇಗ ಇಳಿಸು."

ನನ್ನ ಮುಖ ನೋಡಿ ಸೀಟಿ ಊದಿದ. ಸಿಂಧುವೂ ನನ್ನ ಹಿಂದೆಯೇ ಇಳಿದಳು. ರಸ್ತೆ ಬದಿ ಕಂಡ ಮೊದಲ ಗೇಟು ತಳ್ಳಿ, ಬಾಗಿಲು ತೆರೆದ ಹೆಂಗಸಿಗೆ "ಎಲ್ಲಿದೆಯಮ್ಮ?" ಎಂದೆ. ಆ ಪುಣ್ಯಾತ್ಗಿತ್ತಿ ಏನು ಎಂದು ಕೇಳದೆ ಹಿತ್ತಿಲಿಗೆ ಬೆರಳು ತೋರಿಸಿದಳು. ಹೆಣ್ಣಿಗೆ ಹೆಣ್ಣಿನ ಓಟದ ಅರ್ಥ ಗೊತ್ತಾಗುತ್ತದೆ.

ಅಲ್ಲಿಗೆ ಎಲ್ಲ ಸುಸೂತ್ರವಾಗಿ ಮುಗಿಯಬೇಕಿತ್ತು. ಕೈಕಾಲು ತೊಳೆದು, ಸಿಂಧುವನ್ನು ಕರೆದುಕೊಂಡು, ಮುಂದಿನ ಬಸ್ಸು ಹಿಡಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಕ್ಲಾಸು ಉಳಿಯುತ್ತಿತ್ತು. ಆದರೆ ಆ ಹೆಂಗಸು ಕಾಫಿ ಕೊಟ್ಟು ಕೇಳಿದಳು: "ಯಾವ ಕಡೆಯವರಮ್ಮ ನೀವು?"

ನಮ್ಮ ಕಡೆ ಈ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ಗೊತ್ತಿಲ್ಲ. ಕಳ್ಳತನಕ್ಕೆ ಹೋಗಿ ಸಿಕ್ಕಿಬಿದ್ದರೂ ನಾವು ಮೊದಲು ಸಂಬಂಧ ಹುಡುಕುತ್ತೇವೆ. ಭದ್ರಾವತಿ ಎಂದೆ. ಬೀದಿ ಹೇಳಿದೆ. ಯಜಮಾನರ ಹೆಸರು, ಅವರು ಮಾಡುತ್ತಿದ್ದ ಕೆಲಸ, ಮಗನ ಕೆಲಸ. ಸಿಂಧು ಆಕೆಯ ಬೆನ್ನ ಹಿಂದೆ ನಿಂತು ಬಾಯಿಗೆ ಬೆರಳಿಟ್ಟು ಕುಣಿಯುತ್ತಿದ್ದಳು. ನಾನು ನಿಲ್ಲಲಿಲ್ಲ. "ಸೊಸೆ ಹೊಳಲೂರಿನವಳು" ಎಂದೂ ಸೇರಿಸಿದೆ.

"ಹೊಳಲೂರಾ? ನಮ್ಮ ಗಿರಿಜಾನ ಅತ್ತೆನಾ? ಅಯ್ಯೋ ಮಾರಾಯ್ತಿ, ಒಂದೇ ಬೆಂಚಲ್ಲಿ ಕೂತು ಓದಿದ್ದು ನಾವು."

"ಅವಳಿಗೆ ಹೇಳ್ಬೇಡಮ್ಮ."

"ಛೆ ಛೆ, ನಾನ್ಯಾಕೆ ಹೇಳ್ಲಿ" ಎಂದಳು. ನಾವು ಗೇಟು ಮುಚ್ಚುವಾಗಲೇ ಒಳಗೆ ಫೋನಿನಲ್ಲಿ ನಗು ಕೇಳಿಸಿತು.

ಕೋಟೆ ತಲುಪುವಾಗ ಅರ್ಧ ಗಂಟೆ ತಡವಾಗಿತ್ತು. "ಮೊದಲ್ನೇ ದಿನವೇ ಲೇಟಾ ಅಮ್ಮ?" ಎಂದರು ಮೇಷ್ಟ್ರು, ನನ್ನ ಮಗನಿಗಿಂತ ಚಿಕ್ಕವರು. "ಐವತ್ತೆಂಟು ವರ್ಷ ಲೇಟು ಸಾರ್, ಅರ್ಧ ಗಂಟೆ ಹಿಡೀಬೇಡಿ" ಎಂದು ಹೋಗಿ ಕೂತೆ. ಕೊನೆಗೂ ಎಕ್ಸನ್ನು ಬೋರ್ಡಿನ ಮೇಲೆ ನೋಡಿದೆ. ಯಾರೋ ಕಾಲು ಅಗಲಿಸಿ, ಕೈ ಮೇಲೆತ್ತಿ ಕುಣಿಯುತ್ತಿರುವ ಹಾಗಿತ್ತು. ಅವನ ಬೆಲೆ ಗೊತ್ತಿಲ್ಲವಂತೆ, ನಾವೇ ಹುಡುಕಬೇಕಂತೆ. ನನಗೆ ಬಹಳ ಹಿಡಿಸಿದ. ಇದಿಷ್ಟನ್ನೇ ಕಲಿತು ಬಿಟ್ಟುಬಿಡಬೇಕಲ್ಲ ಎಂದು ಅವನನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದುಕೊಂಡೆ.

ಸಂಜೆ ಗಿರಿಜಾ ಬಾಗಿಲಲ್ಲೇ ಇದ್ದಳು. ಈ ಸಲ ಲೋಟ ಇರಲಿಲ್ಲ, ತುಟಿ ಕಚ್ಚಿಕೊಂಡಿದ್ದಳು.

"ಹುಷಾರು ತಪ್ಪಿತಂತೆ?"

"ಹುಷಾರು ತಪ್ಪಿದ್ದಲ್ಲ. ನೀನು ತಪ್ಪಿಸಿದ್ದು. ಎಣ್ಣೆ ನಿಂದು."

"ಕಾನೂನು ನಿಮ್ದು."

ಇಬ್ಬರೂ ಸಿಂಧುವನ್ನು ನೋಡಿದೆವು. ಅವಳು ಗಲ್ಲಕ್ಕೆ ಬೆರಳಿಟ್ಟು ಯೋಚಿಸಿದಳು. "ಕ್ಲಾಸಿಗೆ ಹೋಗ್ಲಿ ಅಮ್ಮಾ. ಆದ್ರೆ ನವಿಲು ಬಾಕಿ ಇದೆ. ಅಜ್ಜಿ ಕುಣೀಲಿ."

ನೆಗಡಿ ಮೂರು ದಿನಕ್ಕೆ ಹೋಗುವಂಥದ್ದು. ನಾನು ಬಿಚ್ಚಿಟ್ಟ ಗರಿ ಹತ್ತು ವರ್ಷವಾದರೂ ಅವಳ ತಲೆಯಲ್ಲೇ ಇತ್ತು. ತಪ್ಪಾಯಿತು ಎಂದು ಹೇಳುವುದು ನನಗೆ ಬರುವುದಿಲ್ಲ, ನಾಲ್ಕನೇ ಕ್ಲಾಸಿನವರೆಗೆ ಆ ಪಾಠ ಇರಲಿಲ್ಲ. ಸೆರಗು ಸಿಕ್ಕಿಸಿ, ಎರಡು ಬೀಸಣಿಗೆ ಹಿಡಿದು ಕುಣಿದೆ. ಗಿರಿಜಾ ನಕ್ಕು ನಕ್ಕು ನೆಲಕ್ಕೆ ಕೂತಳು. ಮಗ ಬಂದು ನೋಡಿ, ಅಭಿಪ್ರಾಯವಿಲ್ಲದೆ ಒಳಗೆ ಹೋದ. ಸಿಂಧು ಮಾತ್ರ ನಗಲಿಲ್ಲ. ತಾನೂ ಎದ್ದು ಬಂದು, ಹೆಜ್ಜೆ ಇನ್ನೂ ನೆನಪಿದೆ ಎಂದು ತೋರಿಸಿದಳು. ಅವಳ ಜೊತೆ ಮೂರನೇ ಸುತ್ತು ತಿರುಗುವಾಗ ನನ್ನ ಸೊಂಟದಲ್ಲಿ ಏನೋ ಕಳಕ್ ಎಂದಿತು.

ಹರಳೆಣ್ಣೆ ಈಗ ದೇವರ ದೀಪಕ್ಕೆ ಹೋಗುತ್ತಿದೆ. ದೇವರಿಗೆ ಸೋಮವಾರ ಬಸ್ಸು ಹತ್ತುವ ಕಷ್ಟವಿಲ್ಲ. ಸೊಂಟದ ವಿಷಯ ನಾನು ಮನೆಯಲ್ಲಿ ಉಸಿರೆತ್ತಿಲ್ಲ, ನೀವೂ ಎತ್ತಬೇಡಿ. ಯಾವ ಕಡೆಯವರು ಎಂದು ಯಾರಾದರೂ ಕೇಳಿದರೂ ಸುಮ್ಮನಿರಿ. ಬುಧವಾರ ಬಸ್ಸಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಎದ್ದು ಸೀಟು ಕೊಡಲು ಬಂದಳು. ಕೂತರೆ ಏಳಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. "ನೀನೇ ಕೂತ್ಕೊ ಮಗಾ, ನಾನು ಗಟ್ಟಿಯಾಗಿದ್ದೀನಿ" ಎಂದು ಕಂಬಿ ಹಿಡಿದು ನಿಂತೇ ಶಿವಮೊಗ್ಗಕ್ಕೆ ಹೋದೆ.